ತೊಟ್ಟಿಲು ಎಂಬ ಹೆಸರಿನ ಕಟ್ಟಡಗಳು

ಒಂದೆರಡು ವರ್ಷದ ಮಕ್ಕಳು ಹತ್ತಾರು ಸಂಖ್ಯೆಯಲ್ಲಿ ಒಂದೇ ಕೋಣೆಯಲ್ಲಿದ್ದರೆ ಅಲ್ಲಿ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಿಸದಷ್ಟು ಗದ್ದಲವಿರಬೇಕು. ಒಂದು ಹಸಿದು ಅಳುತ್ತದೆ. ಅದರ ಅಳು ಕೇಳಿ ಪಕ್ಕದ್ದೂ ರಾಗ ತೆಗೆಯುತ್ತದೆ. ಮೂರನೆಯದು ಸುಮ್ಮಸುಮ್ಮನೆ ಕಿರುಚುತ್ತದೆ. ಆದರೆ 1989ರ ಡಿಸೆಂಬರಿನಲ್ಲಿ ಸರ್ವಾಧಿಕಾರಿ ನಿಕೊಲಾಯ್ ಚೌಸೆಸ್ಕು ಪತನಗೊಂಡ ನಂತರ ರುಮೇನಿಯಾದ ಶಿಶುಗೃಹಗಳಿಗೆ ಕಾಲಿಟ್ಟ ವಿದೇಶಿ ವೈದ್ಯರು, ಸಂಶೋಧಕರು ಕಂಡದ್ದೇ ಬೇರೆ. ಸಾಲುಸಾಲಾಗಿ ಜೋಡಿಸಿದ ಮಂಚಗಳು, ಅವುಗಳಲ್ಲಿ ಎಚ್ಚರವಾಗಿಯೇ ಇದ್ದ ಮಕ್ಕಳು. ಆದರೆ ಸದ್ದಿಲ್ಲ. ಅತ್ತರೆ ಯಾರೂ ಬರುವುದಿಲ್ಲ ಎಂಬ ಪಾಠವನ್ನು ಆ ಮಕ್ಕಳು ಮಾತು ಕಲಿಯುವ ಮೊದಲೇ ಕಲಿತುಬಿಟ್ಟಿದ್ದವು.

ಹುಟ್ಟಿದಾಗಿನಿಂದ ಮೂರು ವರ್ಷದವರೆಗಿನ ಮಕ್ಕಳನ್ನು ಇಡುತ್ತಿದ್ದ ಈ ಸರ್ಕಾರಿ ಗೃಹಗಳಿಗೆ ರುಮೇನಿಯಾದ ಭಾಷೆಯಲ್ಲಿ ‘ಲ್ಯಾಗನ್’ ಎಂದು ಹೆಸರು. ತೊಟ್ಟಿಲು ಎಂದು ಅದರ ಅರ್ಥ. ಹುಟ್ಟಿದ ಮೊದಲ ಒಂದೆರಡು ವರ್ಷಗಳಲ್ಲಿ ಉಂಡ ಕಷ್ಟ ಮನುಷ್ಯನ ಮೆದುಳನ್ನು, ಅವನು ಇತರರೊಡನೆ ಬೆರೆಯುವ ಬಗೆಯನ್ನು ಎಷ್ಟರಮಟ್ಟಿಗೆ ಬದಲಿಸುತ್ತದೆ ಎಂಬ ಹಳೆಯ ಪ್ರಶ್ನೆಗೆ ವಿಜ್ಞಾನಕ್ಕೆ ಅತ್ಯಂತ ಖಚಿತವಾದ ಉತ್ತರ ದೊರೆತದ್ದು ಈ ತೊಟ್ಟಿಲುಗಳಲ್ಲೇ. ಉತ್ತರದ ಬೆಲೆ ತೆತ್ತವರು ಪ್ರಶ್ನೆ ಕೇಳಿದವರಲ್ಲ.

ಇಷ್ಟೊಂದು ಮಕ್ಕಳು ಅಲ್ಲಿಗೆ ಬಂದದ್ದಾದರೂ ಹೇಗೆ? ಯುದ್ಧವಾಗಿರಲಿಲ್ಲ, ಬರಗಾಲ ಬಿದ್ದಿರಲಿಲ್ಲ. ಬಹುಪಾಲು ಮಕ್ಕಳ ತಂದೆತಾಯಿ ಬದುಕಿಯೇ ಇದ್ದರು. ಕಾರಣ ಒಂದು ಕಾಗದ: 1966ರ ಅಕ್ಟೋಬರಿನಲ್ಲಿ ಹೊರಟ 770ನೇ ಸಂಖ್ಯೆಯ ಆದೇಶ. ಜನ ಹೆಚ್ಚಿದರೆ ಕಾರ್ಖಾನೆಗೆ ಕೈ ಹೆಚ್ಚುತ್ತದೆ, ದೇಶ ಬಲಿಷ್ಠವಾಗುತ್ತದೆ ಎಂಬುದು ಚೌಸೆಸ್ಕುವಿನ ಲೆಕ್ಕಾಚಾರ. 45 ವರ್ಷ ದಾಟಿದವರು, ಆಗಲೇ ನಾಲ್ಕು ಮಕ್ಕಳನ್ನು ಹೆತ್ತವರು, ಇನ್ನು ಕೆಲವೇ ವಿಶೇಷ ಸಂದರ್ಭಗಳನ್ನು ಬಿಟ್ಟರೆ ಗರ್ಭಪಾತ ಅಪರಾಧವಾಯಿತು. ಗರ್ಭನಿರೋಧಕಗಳು ಅಂಗಡಿಗಳಿಂದ ಮಾಯವಾದವು. 25 ವರ್ಷ ಕಳೆದರೂ ಮಕ್ಕಳಿಲ್ಲದವರು, ಅವರು ಮದುವೆಯಾಗಿರಲಿ ಬಿಡಲಿ, ಹೆಚ್ಚುವರಿ ತೆರಿಗೆ ಕಟ್ಟಬೇಕಾಯಿತು. 1967ರಲ್ಲಿ ಹುಟ್ಟಿದ ಮಕ್ಕಳ ಸಂಖ್ಯೆ ಹಿಂದಿನ ವರ್ಷದ ಸುಮಾರು ಎರಡರಷ್ಟಾಯಿತು.

ಆಮೇಲೆ ಜನರು ದಾರಿ ಹುಡುಕಿಕೊಂಡರು, ಜನನ ಸಂಖ್ಯೆ ಮತ್ತೆ ಇಳಿಯತೊಡಗಿತು. ಸರ್ಕಾರ ಹಗ್ಗ ಬಿಗಿ ಮಾಡುತ್ತ ಹೋಯಿತು. 1980ರ ದಶಕದಲ್ಲಿ ಕಾರ್ಖಾನೆಗಳಲ್ಲಿ ದುಡಿಯುವ ಹೆಂಗಸರು ಗರ್ಭಿಣಿಯರೇ ಎಂದು ಕಡ್ಡಾಯವಾಗಿ ಪರೀಕ್ಷಿಸುವ ಮಟ್ಟಕ್ಕೆ ಅದು ಹೋಯಿತು. ಕದ್ದುಮುಚ್ಚಿ ಗರ್ಭ ತೆಗೆಸಿಕೊಳ್ಳಲು ಹೋಗಿ ಈ 23 ವರ್ಷಗಳಲ್ಲಿ 9,000ಕ್ಕೂ ಹೆಚ್ಚು ಹೆಂಗಸರು ಸತ್ತರು ಎಂದು ಅಂದಾಜು. ಅದೇ ದಶಕದಲ್ಲಿ ವಿದೇಶಿ ಸಾಲವನ್ನೆಲ್ಲ ತೀರಿಸಿಬಿಡುವ ಹಟಕ್ಕೆ ಬಿದ್ದ ಸರ್ಕಾರ ದೇಶದ ಆಹಾರವನ್ನು ಹೊರಗೆ ಮಾರಿತು. ಊಟಕ್ಕೆ ಪಡಿತರ, ದೀಪಕ್ಕೆ ಪಡಿತರ, ಚಳಿಗಾಲದಲ್ಲಿ ಮನೆ ಕಾಯಿಸುವ ಶಾಖಕ್ಕೂ ಪಡಿತರ. ಬೇಡವೆಂದರೂ ಹುಟ್ಟಿದ ಮೂರನೆಯ, ನಾಲ್ಕನೆಯ ಮಗುವನ್ನು ಹೇಗೆ ಸಾಕುವುದು? ಸಾಕಲಾಗದಿದ್ದರೆ ನಮ್ಮಲ್ಲಿ ಬಿಡಿ ಎಂದಿತು ಸರ್ಕಾರ. ಅದಕ್ಕಾಗಿ 1970ರಲ್ಲೇ ಒಂದು ಕಾನೂನು ಬಂದಿತ್ತು. ಬಡ ತಾಯಿಗಿಂತ ರಾಜ್ಯವೇ ಚೆನ್ನಾಗಿ ಸಾಕುತ್ತದೆ ಎಂಬ ಪ್ರಚಾರವೂ ಬೆನ್ನಿಗಿತ್ತು.

ವಿಪರ್ಯಾಸವೆಂದರೆ, ಮಕ್ಕಳನ್ನು ಒಟ್ಟುಗೂಡಿಸುತ್ತಿದ್ದ ಸರ್ಕಾರವೇ ಮಕ್ಕಳ ಮನಸ್ಸನ್ನು ಬಲ್ಲವರನ್ನು ಇಲ್ಲವಾಗಿಸುತ್ತಿತ್ತು. ವಿಶ್ವವಿದ್ಯಾಲಯಗಳಲ್ಲಿ ಸಮಾಜಕಾರ್ಯದ ಶಿಕ್ಷಣ 1969ರಲ್ಲಿ ನಿಂತಿತು. 1977ರಲ್ಲಿ ಮನಶ್ಶಾಸ್ತ್ರ ವಿಭಾಗಗಳಿಗೂ ಬೀಗ ಬಿತ್ತು. ಸಮಾಜವಾದ ಬಂದ ಮೇಲೆ ಸಾಮಾಜಿಕ ಸಮಸ್ಯೆ ಎಲ್ಲಿಯದು ಎಂಬ ಧೋರಣೆ! ಗೃಹಗಳಲ್ಲಿ ಹತ್ತು ಹದಿನೈದು ಮಕ್ಕಳಿಗೆ ಒಬ್ಬ ದಾದಿ. ಅವಳೂ ಪಾಳಿ ಮುಗಿದರೆ ಹೊರಟುಹೋಗುವವಳು. ಸೀಸೆಯ ಹಾಲನ್ನು ದಿಂಬಿಗೆ ಒರಗಿಸಿಟ್ಟು ಹೋಗುವುದು, ಗಂಟೆ ಹೊಡೆದಂತೆ ಎಲ್ಲರಿಗೂ ಒಟ್ಟಿಗೆ ಸ್ನಾನ, ಒಟ್ಟಿಗೆ ಶೌಚ. ಉಳಿದ ಹೊತ್ತೆಲ್ಲ ಮಲಗಿ ಬಿಳಿ ಚಾವಣಿ ನೋಡುವುದು. ಮೂರು ವರ್ಷ ತುಂಬಿದಾಗ ಸಮಿತಿಯೊಂದು ಬಂದು ಮಕ್ಕಳನ್ನು ವಿಂಗಡಿಸುತ್ತಿತ್ತು. ಮಾತು ಬಾರದ, ನಡೆಯಲಾಗದ ಮಕ್ಕಳಿಗೆ ‘ಸರಿಪಡಿಸಲಾಗದವರು’ ಎಂಬ ಹಣೆಪಟ್ಟಿ ಬೀಳುತ್ತಿತ್ತು. ಮಾತಾಡಿಸುವವರೇ ಇಲ್ಲದ ಕಡೆ ಮಾತು ಎಲ್ಲಿಂದ ಬರಬೇಕು ಎಂದು ಯಾರೂ ಕೇಳಲಿಲ್ಲ. ಹಾಗೆ ಹಣೆಪಟ್ಟಿ ಹಚ್ಚಿಸಿಕೊಂಡವರು ಹೋಗುತ್ತಿದ್ದ ಗೃಹಗಳು ಇನ್ನೂ ಘೋರ.

ಚೌಸೆಸ್ಕು ದಂಪತಿಗೆ 1989ರ ಡಿಸೆಂಬರ್ 25ರಂದು ಗುಂಡಿಕ್ಕಲಾಯಿತು. ಹೊಸ ಸರ್ಕಾರ ಮೊದಲು ಕೈಗೊಂಡ ಕೆಲಸಗಳಲ್ಲಿ 770ನೇ ಆದೇಶವನ್ನು ರದ್ದು ಮಾಡಿದ್ದೂ ಒಂದು. ಆದರೆ ಆ ಹೊತ್ತಿಗೆ ಗೃಹಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಮಕ್ಕಳಿದ್ದರು.

ಅರಿಯದೆ ಆದ ಪ್ರಮಾದ ಇದೆಂದು ಹೇಳುವಂತಿಲ್ಲ. ಹಾಲು, ಔಷಧ, ಒಗೆದ ಬಟ್ಟೆ ಇಷ್ಟರಿಂದಲೇ ಮಗು ಬೆಳೆಯುವುದಿಲ್ಲ ಎಂಬ ಸಂಗತಿ 1945ರಷ್ಟು ಹಿಂದೆಯೇ ಅಚ್ಚಾಗಿತ್ತು. ಅದಕ್ಕೂ ಮೊದಲು ತಜ್ಞರ ಅಭಿಪ್ರಾಯ ಇದಕ್ಕೆ ನೇರ ವಿರುದ್ಧವಾಗಿತ್ತು ಎನ್ನುವುದನ್ನು ಇಲ್ಲಿ ಮರೆಯಬಾರದು. ಅಮೆರಿಕದ ಪ್ರಖ್ಯಾತ ಮನಶ್ಶಾಸ್ತ್ರಜ್ಞ ಜಾನ್ ವಾಟ್ಸನ್ 1928ರಲ್ಲಿ ಪ್ರಕಟಿಸಿದ ಶಿಶುಪಾಲನೆಯ ಪುಸ್ತಕದಲ್ಲಿ, ಮಕ್ಕಳನ್ನು ಅಪ್ಪಿ ಮುದ್ದಾಡಬೇಡಿ, ತೊಡೆಯ ಮೇಲೆ ಕೂರಿಸಿಕೊಳ್ಳಬೇಡಿ ಎಂದು ತಾಯಂದಿರಿಗೆ ಬುದ್ಧಿ ಹೇಳಿದ್ದ. ಆಸ್ಪತ್ರೆಗಳು ರೋಗಾಣುಗಳ ಭಯದಿಂದ ಇದನ್ನೇ ಮಾಡುತ್ತಿದ್ದವು. ಮಗುವನ್ನು ಮುಟ್ಟಿದಷ್ಟೂ ಸೋಂಕು ಎಂಬ ನಂಬಿಕೆ. ನಮ್ಮ ಹಳ್ಳಿಯ ಅಜ್ಜಿಯರ ಕಿವಿಗೆ ಇದು ಬಿದ್ದಿದ್ದರೆ ನಕ್ಕುಬಿಡುತ್ತಿದ್ದರೇನೋ.

ವಿಯೆನ್ನಾದಲ್ಲಿ ಹುಟ್ಟಿ ಅಮೆರಿಕಕ್ಕೆ ಹೋಗಿ ನೆಲೆಸಿದ ಮನೋವಿಶ್ಲೇಷಕ ರೆನೆ ಸ್ಪಿಟ್ಸ್ ಎರಡು ಶಿಶುಗೃಹಗಳನ್ನು ಹೋಲಿಸಿ ನೋಡಿದ. ಒಂದು ಹೆಣ್ಣು ಕೈದಿಗಳ ಸೆರೆಮನೆಗೆ ಅಂಟಿಕೊಂಡಿದ್ದ ಶಿಶುವಿಹಾರ. ಅಲ್ಲಿ ಕೈದಿ ತಾಯಂದಿರೇ ತಮ್ಮ ಕೂಸುಗಳನ್ನು ನೋಡಿಕೊಳ್ಳುತ್ತಿದ್ದರು. ಇನ್ನೊಂದು ಅನಾಥ ಶಿಶುಗಳ ಗೃಹ. ಅಲ್ಲಿ ಶುಚಿತ್ವಕ್ಕಾಗಲಿ ವೈದ್ಯರಿಗಾಗಲಿ ಕೊರತೆಯಿರಲಿಲ್ಲ. ಆದರೆ ಎಂಟು ಮಕ್ಕಳಿಗೆ ಒಬ್ಬ ದಾದಿ, ಮಂಚದ ಸುತ್ತ ಇಳಿಬಿಟ್ಟ ಬಟ್ಟೆ. ಮಗುವಿಗೆ ಕಾಣುತ್ತಿದ್ದುದು ಚಾವಣಿ ಮಾತ್ರ. ಈ ಎರಡನೆಯ ಗೃಹದ 91 ಮಕ್ಕಳಲ್ಲಿ 34 ಮಕ್ಕಳು ಎರಡು ವರ್ಷ ತುಂಬುವುದರೊಳಗೆ ಸತ್ತವು. ಸೆರೆಮನೆಯಲ್ಲಿ ಒಂದೂ ಸಾಯಲಿಲ್ಲ. ಸ್ಪಿಟ್ಸ್‌ನ ಲೆಕ್ಕಪತ್ರಗಳು ಅಚ್ಚುಕಟ್ಟಾಗಿಲ್ಲ, ಎರಡು ಗೃಹಗಳ ಮಕ್ಕಳು ಒಂದೇ ಬಗೆಯವರಲ್ಲ ಎಂದು ಮುಂದೆ ಹಲವರು ಟೀಕಿಸಿದರು. ಟೀಕೆಯಲ್ಲಿ ಹುರುಳಿತ್ತು. ಆದರೆ 1947ರಲ್ಲಿ ಅವನು ತೋರಿಸಿದ ಮೂಕಿ ಚಿತ್ರದಲ್ಲಿನ ಮಕ್ಕಳ ಮುಖಗಳಿಗೆ ಯಾರ ಬಳಿಯೂ ಉತ್ತರವಿರಲಿಲ್ಲ.

ಇಂಗ್ಲೆಂಡಿನಲ್ಲಿ ಜಾನ್ ಬೌಲ್ಬಿ ವಿಶ್ವ ಆರೋಗ್ಯ ಸಂಸ್ಥೆಗಾಗಿ 1951ರಲ್ಲಿ ವರದಿ ಬರೆದು, ಶಿಶುವಿಗೆ ತಾಯಿಯೊಡನೆ ಅಥವಾ ತಾಯಿಯ ಸ್ಥಾನದಲ್ಲಿರುವ ಒಬ್ಬರೊಡನೆ ನಿರಂತರ ನಂಟು ಬೇಕೇಬೇಕು ಎಂದು ವಾದಿಸಿದ. ಅವನ ಸಹೋದ್ಯೋಗಿ ಜೇಮ್ಸ್ ರಾಬರ್ಟ್‌ಸನ್ ಮರುವರ್ಷ, ಎಂಟು ದಿನ ಆಸ್ಪತ್ರೆಯಲ್ಲಿದ್ದ ಎರಡು ವರ್ಷದ ಹುಡುಗಿಯೊಬ್ಬಳನ್ನು ಚಿತ್ರೀಕರಿಸಿ ವೈದ್ಯರೆದುರು ಪ್ರದರ್ಶಿಸಿದ. ಅಳು ನಿಲ್ಲಿಸಿ ಸುಮ್ಮನಾದ ಮಗು ಹೊಂದಿಕೊಂಡಿದೆ ಎಂದು ದಾದಿಯರು ತಿಳಿಯುತ್ತಿದ್ದರು. ಅದು ಆಸೆ ಬಿಟ್ಟಿದೆ ಎಂದು ರಾಬರ್ಟ್‌ಸನ್ ತೋರಿಸಿದ. ವೈದ್ಯರು ಸಿಟ್ಟಾದರು. ಆದರೂ 1959ರ ಹೊತ್ತಿಗೆ ಬ್ರಿಟನ್ನಿನ ಸರ್ಕಾರಿ ಸಮಿತಿಯೇ, ಆಸ್ಪತ್ರೆಯಲ್ಲಿರುವ ಮಕ್ಕಳನ್ನು ತಂದೆತಾಯಿ ಯಾವಾಗ ಬೇಕಾದರೂ ಬಂದು ನೋಡಲು ಬಿಡಬೇಕೆಂದು ಶಿಫಾರಸು ಮಾಡಿತು.

ಮಕ್ಕಳ ಮೇಲೆ ಮಾಡಬಾರದ ಪ್ರಯೋಗವನ್ನು ಕೋತಿಗಳ ಮೇಲೆ ಮಾಡಲಾಯಿತು. ಇಲ್ಲಿಂದ ಕಥೆಯೊಳಗೆ ಭಾರತವೂ ಬರುತ್ತದೆ. 1950ರ ದಶಕದಲ್ಲಿ ಪೋಲಿಯೊ ಲಸಿಕೆಗಾಗಿ, ಪ್ರಯೋಗಗಳಿಗಾಗಿ ಉತ್ತರ ಭಾರತದ ರೀಸಸ್ ಕೋತಿಗಳು ಲಕ್ಷಗಟ್ಟಲೆ ಅಮೆರಿಕಕ್ಕೆ ಹೋದವು. (ಈ ರಫ್ತನ್ನು ಭಾರತ ನಿಲ್ಲಿಸಿದ್ದು 1978ರಲ್ಲಿ, ಮೊರಾರ್ಜಿ ದೇಸಾಯಿ ಪ್ರಧಾನಿಯಾಗಿದ್ದಾಗ.) ಹೀಗೆ ಬಂದ ಕೋತಿಗಳಲ್ಲಿ ರೋಗ ಹೆಚ್ಚು, ಬೆಲೆಯೂ ಹೆಚ್ಚು. ಆದ್ದರಿಂದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಹ್ಯಾರಿ ಹಾರ್ಲೋ ಮರಿಗಳನ್ನು ಹುಟ್ಟಿದ ಕೂಡಲೇ ತಾಯಿಯಿಂದ ಬೇರ್ಪಡಿಸಿ, ಶುಚಿಯಾದ ಪಂಜರಗಳಲ್ಲಿ ಸೀಸೆಯ ಹಾಲಿನಲ್ಲಿ ಬೆಳೆಸತೊಡಗಿದ. ಮರಿಗಳು ದಷ್ಟಪುಷ್ಟವಾಗಿ ಬೆಳೆದವು. ಆದರೆ ಕುಳಿತಲ್ಲೇ ತೂಗಾಡುತ್ತಿದ್ದವು, ಹೆಬ್ಬೆರಳು ಚೀಪುತ್ತಿದ್ದವು, ಪಂಜರದಲ್ಲಿ ಹಾಸಿದ ಬಟ್ಟೆಯ ತುಂಡನ್ನು ತೆಗೆದರೆ ಹುಚ್ಚೆದ್ದು ಕಿರುಚುತ್ತಿದ್ದವು.

ಆ ಬಟ್ಟೆಯೇ ಹಾರ್ಲೋನ ಪ್ರಸಿದ್ಧ ಪ್ರಯೋಗಕ್ಕೆ ದಾರಿಯಾಯಿತು. ಹಾಲಿನ ಸೀಸೆ ಹೊತ್ತ ತಂತಿಯ ‘ತಾಯಿ’, ಹಾಲಿಲ್ಲದ ಮೆತ್ತನೆಯ ಬಟ್ಟೆಯ ‘ತಾಯಿ’ ಇವೆರಡನ್ನೂ ಪಂಜರದಲ್ಲಿಟ್ಟರೆ ಮರಿಗಳು ಹಾಲು ಕುಡಿಯುವಷ್ಟು ಹೊತ್ತು ಮಾತ್ರ ತಂತಿಯ ಬಳಿಗೆ ಹೋಗಿ, ಉಳಿದ ಹೊತ್ತೆಲ್ಲ ಬಟ್ಟೆಯನ್ನು ಅಪ್ಪಿ ಕೂರುತ್ತಿದ್ದವು. 1958ರಲ್ಲಿ ಅವನು ಇದನ್ನು ಪ್ರಕಟಿಸಿದಾಗ, ಹಾಲು ಕೊಡುವುದಕ್ಕಾಗಿಯೇ ಮಗು ತಾಯಿಯನ್ನು ಪ್ರೀತಿಸುತ್ತದೆ ಎಂಬ ಅಂದಿನ ವಾದ ಬಿದ್ದುಹೋಯಿತು. ಹಾರ್ಲೋ ಅಲ್ಲಿಗೇ ನಿಲ್ಲಲಿಲ್ಲ. ಮರಿಗಳನ್ನು ಆರು ತಿಂಗಳು, ವರ್ಷ ಸಂಪೂರ್ಣ ಒಂಟಿಯಾಗಿಟ್ಟ. ಹೊರಬಂದವು ಇತರ ಕೋತಿಗಳನ್ನು ಕಂಡರೆ ಮುದುಡಿಕೊಳ್ಳುತ್ತಿದ್ದವು. ಅವುಗಳಲ್ಲಿ ತಾಯಿಯಾದವು ತಮ್ಮದೇ ಮರಿಗಳನ್ನು ಕಚ್ಚಿದವು, ತುಳಿದವು. ಈ ಕ್ರೌರ್ಯ ಬೇಕಿತ್ತೇ ಎಂಬ ವಾದ ಅಮೆರಿಕದಲ್ಲಿ ಇಂದಿಗೂ ಮುಗಿದಿಲ್ಲ.

ತಾಯಿ ಇದ್ದೂ ಆಗುವ ಹಾನಿಯನ್ನು ತೋರಿಸಿಕೊಟ್ಟದ್ದು ಕರ್ನಾಟಕದವರಿಗೆ ತೀರ ಪರಿಚಿತವಾದ ಜೀವಿ. ನಂದಿಬೆಟ್ಟದಲ್ಲೂ ಚಾಮುಂಡಿ ಬೆಟ್ಟದಲ್ಲೂ ಪ್ರವಾಸಿಗರ ಕೈಯಿಂದ ಬಾಳೆಹಣ್ಣು ಕಸಿಯುವ, ತಲೆಯ ಮೇಲೆ ಟೋಪಿಯಂತೆ ಕೂದಲು ಹರಡಿಕೊಂಡ ಮಂಗ ಇದು. ದಕ್ಷಿಣ ಭಾರತವನ್ನು ಬಿಟ್ಟರೆ ಬೇರೆಲ್ಲೂ ಕಾಡಿನಲ್ಲಿ ಕಾಣಸಿಗದು. ವಿಜ್ಞಾನಿಗಳು ಬಾನೆಟ್ ಮಕಾಕ್ ಎನ್ನುತ್ತಾರೆ. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಲಿಯೊನಾರ್ಡ್ ರೋಸೆನ್‌ಬ್ಲಮ್ ಇಂಥ ತಾಯಿಮಂಗಗಳ ಮೂರು ಗುಂಪು ಮಾಡಿದ. ಮೊದಲ ಗುಂಪಿಗೆ ಆಹಾರ ಸದಾ ಸುಲಭವಾಗಿ ಸಿಗುತ್ತಿತ್ತು, ಎರಡನೆಯದಕ್ಕೆ ಸದಾ ಕಷ್ಟಪಟ್ಟು ಹುಡುಕಬೇಕಿತ್ತು. ಮೂರನೆಯದಕ್ಕೆ ಕೆಲವು ದಿನ ಸುಲಭ, ಕೆಲವು ದಿನ ಕಷ್ಟ. ನಾಳೆ ಹೇಗೋ ತಿಳಿಯದು. ಯಾವ ಗುಂಪಿಗೂ ಹೊಟ್ಟೆಗೆ ಕಡಿಮೆಯಾಗಲಿಲ್ಲ. ಆದರೂ ಮೂರನೆಯ ಗುಂಪಿನ ತಾಯಂದಿರು ಸದಾ ತಳಮಳದಲ್ಲಿದ್ದು ಮರಿಗಳ ಕಡೆ ಗಮನ ಕೊಡದಾದವು, ಮರಿಗಳು ಅಂಜುಬುರುಕವಾದವು. ಆ ಮರಿಗಳು ಬೆಳೆದ ಮೇಲೂ ಅವುಗಳ ಬೆನ್ನುಹುರಿಯ ದ್ರವದಲ್ಲಿ ಒತ್ತಡವನ್ನು ಹೊತ್ತಿಸುವ ರಾಸಾಯನಿಕ ಹೆಚ್ಚಾಗಿಯೇ ಇತ್ತು ಎಂದು 1996ರಲ್ಲಿ ಪ್ರಕಟವಾಯಿತು. ಕಷ್ಟಕ್ಕಿಂತ ಅನಿಶ್ಚಿತತೆ ಕೆಟ್ಟದ್ದು ಎಂದಾಯಿತು. ಪಡಿತರದ ಸಾಲಿನಲ್ಲಿ ನಿಂತ ರುಮೇನಿಯಾದ ತಾಯಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ದೇಹದೊಳಗೆ ಆಗುವುದೇನು? ಭಯವಾದಾಗ ಮೆದುಳು ಸಂದೇಶ ಕಳುಹಿಸುತ್ತದೆ, ಮೂತ್ರಪಿಂಡಗಳ ಮೇಲಿರುವ ಪುಟ್ಟ ಗ್ರಂಥಿಗಳು ಕಾರ್ಟಿಸಾಲ್ ಎಂಬ ಹಾರ್ಮೋನನ್ನು ರಕ್ತಕ್ಕೆ ಬಿಡುತ್ತವೆ, ಮೈ ಸಜ್ಜಾಗುತ್ತದೆ. ಅಪಾಯ ಕಳೆದ ಮೇಲೆ ಇದು ಇಳಿಯಬೇಕು. ದೊಡ್ಡವರು ತಾವೇ ಸಮಾಧಾನ ಮಾಡಿಕೊಳ್ಳುತ್ತಾರೆ. ಕೂಸಿಗೆ ಅದು ಬಾರದು. ಅದನ್ನು ಎತ್ತಿ ಹೆಗಲಿಗೆ ಹಾಕಿಕೊಂಡು ಬೆನ್ನು ತಟ್ಟುವ ಕೈಯೇ ಅದರ ಕಾರ್ಟಿಸಾಲನ್ನು ಇಳಿಸುವ ಯಂತ್ರ. ಇದು ನಡೆಯುವ ಕಾಲದಲ್ಲೇ ಮೆದುಳು ಭರದಿಂದ ಬೆಳೆಯುತ್ತಿರುತ್ತದೆ. ಹುಟ್ಟಿದಾಗ ದೊಡ್ಡವರ ಮೆದುಳಿನ ಕಾಲು ಭಾಗದಷ್ಟಿದ್ದದ್ದು ಎರಡು ವರ್ಷಕ್ಕೆ ಮುಕ್ಕಾಲು ಭಾಗ ದಾಟುತ್ತದೆ. ನರಕೋಶಗಳ ನಡುವೆ ಬೇಕಾದುದಕ್ಕಿಂತ ಹೆಚ್ಚು ಕೊಂಡಿಗಳು ಬೆಳೆದು, ಬಳಕೆಯಾದವು ಗಟ್ಟಿಯಾಗುತ್ತವೆ, ಬಳಕೆಯಾಗದವು ಉದುರುತ್ತವೆ. ಮಗು ಕೇಕೆ ಹಾಕಿದಾಗ ಯಾರೋ ನಕ್ಕು ಉತ್ತರ ಕೊಟ್ಟರೆ ಒಂದು ಕೊಂಡಿ ಉಳಿಯಿತು. ರುಮೇನಿಯಾದ ಇಯಾಶ್ ನಗರದ ಶಿಶುಗೃಹದಲ್ಲಿ ಎರಡು ವರ್ಷದ ಮಕ್ಕಳ ಜೊಲ್ಲನ್ನು ಪರೀಕ್ಷಿಸಿದ ಮೇರಿ ಕಾರ್ಲ್‌ಸನ್ ಮತ್ತು ಫೆಲ್ಟನ್ ಅರ್ಲ್ಸ್, ಬೆಳಿಗ್ಗೆ ಏರಿ ಸಂಜೆಗೆ ಇಳಿಯಬೇಕಾದ ಕಾರ್ಟಿಸಾಲಿನ ಲಯವೇ ಆ ಮಕ್ಕಳಲ್ಲಿ ತಪ್ಪಿರುವುದನ್ನು 1997ರಲ್ಲಿ ವರದಿ ಮಾಡಿದರು.

ಇಷ್ಟಾದರೂ ಒಂದು ಪ್ರಶ್ನೆ ಉಳಿದಿತ್ತು. ಗೃಹಗಳಿಗೆ ಬಂದ ಮಕ್ಕಳೇ ಮೊದಲಿನಿಂದ ದುರ್ಬಲರಾಗಿದ್ದಿರಬಹುದಲ್ಲ? ದತ್ತು ಹೋದವರು ಇದ್ದವರಲ್ಲೇ ಚುರುಕಾದವರಿರಬಹುದಲ್ಲ? ಹೀಗೆ ವಾದಿಸುವವರು ರುಮೇನಿಯಾದ ಸರ್ಕಾರದಲ್ಲೇ ಇದ್ದರು. ಸಂಸ್ಥೆಗಳೇ ಚೆನ್ನಾಗಿ ಸಾಕುತ್ತವೆ ಎಂಬ ಹಳೆಯ ನಂಬಿಕೆ ಹೋಗಿರಲಿಲ್ಲ. ಮಕ್ಕಳ ರಕ್ಷಣೆಯ ಹೊಣೆ ಹೊತ್ತಿದ್ದ ಅಧಿಕಾರಿ ಕ್ರಿಸ್ಟಿಯನ್ ಟಬಕಾರು, ಇವರ ಬಾಯಿ ಮುಚ್ಚಿಸಲು ವಿಜ್ಞಾನವೇ ಬೇಕೆಂದು ಅಮೆರಿಕದ ಸಂಶೋಧಕರನ್ನು ಕರೆಸಿಕೊಂಡ. ಚಾರ್ಲ್ಸ್ ನೆಲ್ಸನ್, ನೇಥನ್ ಫಾಕ್ಸ್, ಚಾರ್ಲ್ಸ್ ಜೀನಾ ಎಂಬ ಮೂವರು 2000ದಲ್ಲಿ ರಾಜಧಾನಿ ಬುಖಾರೆಸ್ಟಿನಲ್ಲಿ ಕೆಲಸ ಆರಂಭಿಸಿದರು.

ನಗರದ ಆರು ಗೃಹಗಳಿಂದ 6ರಿಂದ 31 ತಿಂಗಳ 136 ಮಕ್ಕಳನ್ನು ಆರಿಸಿಕೊಂಡರು. ಎಲ್ಲರನ್ನೂ ಪರೀಕ್ಷಿಸಿದ ಮೇಲೆ ಚೀಟಿ ಎತ್ತುವ ಕ್ರಮದಲ್ಲಿ ಅರ್ಧದಷ್ಟು, ಅಂದರೆ 68 ಮಕ್ಕಳನ್ನು ಸಾಕು ಕುಟುಂಬಗಳಿಗೆ ಕೊಡಲಾಯಿತು. ಉಳಿದ 68 ಮಕ್ಕಳು ಗೃಹದಲ್ಲೇ ಉಳಿದರು. ಹೋಲಿಕೆಗೆಂದು, ಮನೆಗಳಲ್ಲಿ ಬೆಳೆಯುತ್ತಿದ್ದ 72 ಮಕ್ಕಳನ್ನೂ ಸೇರಿಸಿಕೊಂಡರು.

ಓದುವವರಿಗೆ ಇಲ್ಲಿ ಕಸಿವಿಸಿಯಾಗುವುದು ಸಹಜ. ಕುಟುಂಬವೇ ಮೇಲೆಂದು ಗೊತ್ತಿದ್ದೂ ಅರ್ಧ ಮಕ್ಕಳನ್ನು ಅಲ್ಲೇ ಬಿಡುವುದು ಯಾವ ನ್ಯಾಯ? ಆಗ ಬುಖಾರೆಸ್ಟಿನಲ್ಲಿ ಸಾಕು ಕುಟುಂಬದ ವ್ಯವಸ್ಥೆಯೇ ಇರಲಿಲ್ಲವೆನ್ನಬಹುದು. ನಮ್ಮ ಹಣದಿಂದ 56 ಕುಟುಂಬಗಳನ್ನು ಸಜ್ಜುಗೊಳಿಸಿದೆವು, ಇಲ್ಲದಿದ್ದರೆ 136 ಮಕ್ಕಳೂ ಅಲ್ಲೇ ಉಳಿಯುತ್ತಿದ್ದರು ಎಂಬುದು ಸಂಶೋಧಕರ ಸಮಾಧಾನ. ಗೃಹದಲ್ಲಿ ಉಳಿದ ಮಗುವನ್ನು ಹೆತ್ತವರು ಕರೆದೊಯ್ಯಲು ಬಂದರೆ, ಸರ್ಕಾರವೇ ಮುಂದೆ ಕುಟುಂಬ ಹುಡುಕಿಕೊಟ್ಟರೆ ಅಡ್ಡ ಬರುವುದಿಲ್ಲವೆಂಬ ಕಟ್ಟಲೆಯನ್ನೂ ಹಾಕಿಕೊಂಡಿದ್ದರು; ಹಾಗೆ ಎಷ್ಟೋ ಮಕ್ಕಳು ಹೊರಹೋದರು. ನೀತಿಶಾಸ್ತ್ರಜ್ಞರು ಇದನ್ನು ಚರ್ಚಿಸಿ ಬಹುಮಟ್ಟಿಗೆ ಒಪ್ಪಿದರು. ಆದರೂ ಚೀಟಿಯಲ್ಲಿ ಹೆಸರು ಬರದ ಮಗುವಿನ ಕಡೆಯಿಂದ ನೋಡಿದರೆ ಈ ಸಮಾಧಾನ ಪೂರ್ತಿ ಸಾಲದು.

ಫಲಿತಾಂಶ 2007ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದಿತು. ನಾಲ್ಕೂವರೆ ವರ್ಷದ ಹೊತ್ತಿಗೆ ಗೃಹದ ಗುಂಪಿನ ಸರಾಸರಿ ಬುದ್ಧಿಮಟ್ಟದ ಅಂಕ 73, ಸಾಕು ಕುಟುಂಬಕ್ಕೆ ಹೋದವರದ್ದು 81, ಮೊದಲಿನಿಂದ ಮನೆಯಲ್ಲೇ ಬೆಳೆದವರದ್ದು 109. ಚೀಟಿ ಎತ್ತಿ ಹಂಚಿದ್ದರಿಂದ ಮಕ್ಕಳೇ ದುರ್ಬಲರು ಎಂಬ ವಾದಕ್ಕೆ ಜಾಗವಿರಲಿಲ್ಲ. ಯಾವಾಗ ಎಂಬುದು ಇನ್ನೂ ಮುಖ್ಯವಾಗಿತ್ತು. ಎರಡು ವರ್ಷ ತುಂಬುವ ಮೊದಲೇ ಕುಟುಂಬ ಸೇರಿದ ಮಕ್ಕಳ ಮೆದುಳಿನ ವಿದ್ಯುತ್ ಅಲೆಗಳು ಎಂಟನೇ ವಯಸ್ಸಿಗೆ ಮನೆಯ ಮಕ್ಕಳಂತೆಯೇ ಇದ್ದವು. ತಡವಾಗಿ ಹೋದವರದ್ದು ಗೃಹದವರಂತೆಯೇ ಉಳಿದಿತ್ತು. ಎಂ.ಆರ್.ಐ. ಚಿತ್ರಗಳಲ್ಲಿ ನರಕೋಶಗಳಿರುವ ಬೂದು ಭಾಗ ಎರಡೂ ಗುಂಪಿನಲ್ಲಿ ಕಡಿಮೆಯಿತ್ತು. ಆದರೆ ಮೆದುಳಿನ ಭಾಗಗಳನ್ನು ಬೆಸೆಯುವ ತಂತಿಗಳಂಥ ಬಿಳಿ ಭಾಗ, ಕುಟುಂಬಕ್ಕೆ ಹೋದವರಲ್ಲಿ ಮನೆಯ ಮಕ್ಕಳದರ ಸಮೀಪಕ್ಕೆ ಬಂದಿತ್ತು.

ನಡವಳಿಕೆಯಲ್ಲಿ ಕಂಡದ್ದು ಅಂಕಿಗಳಿಗಿಂತ ಹೆಚ್ಚು ಮನ ಕಲಕುವಂಥದ್ದು. ಗೃಹದ ಮಕ್ಕಳು ಬಂದವರ ಕಾಲನ್ನೆಲ್ಲ ತಬ್ಬಿಕೊಳ್ಳುತ್ತಿದ್ದರು, ಎತ್ತಿಕೊಳ್ಳಿ ಎಂದು ಕೈ ಚಾಚುತ್ತಿದ್ದರು. ಎಷ್ಟು ಪ್ರೀತಿಯ ಮಕ್ಕಳು ಎಂದು ಸಂದರ್ಶಕರು ಕಣ್ಣೊರೆಸಿಕೊಳ್ಳುತ್ತಿದ್ದರು. ಅದು ಪ್ರೀತಿಯಾಗಿರಲಿಲ್ಲ. ಮನೆಯಲ್ಲಿ ಬೆಳೆದ ಮಗು ಅಪರಿಚಿತರನ್ನು ಕಂಡರೆ ಅಮ್ಮನ ಸೆರಗಿನ ಹಿಂದೆ ಅಡಗುತ್ತದೆ. ತನ್ನವರು ಯಾರು, ಪರರು ಯಾರು ಎಂಬ ಗೆರೆ ಅದಕ್ಕೆ ಗೊತ್ತು. ಈ ಮಕ್ಕಳಲ್ಲಿ ಆ ಗೆರೆಯೇ ಬಿದ್ದಿರಲಿಲ್ಲ. ಬಾಗಿಲಿಗೆ ಅಪರಿಚಿತರೊಬ್ಬರು ಬಂದು ಬಾ ಹೋಗೋಣ ಎಂದು ಕರೆಯುವ ಪರೀಕ್ಷೆ ಒಂದಿತ್ತು. ಮನೆಯ ಮಕ್ಕಳಲ್ಲಿ ಹೊರಟವರು ವಿರಳ. ಗೃಹದ ಮಕ್ಕಳಲ್ಲಿ ಹಲವರು ಹಿಂತಿರುಗಿಯೂ ನೋಡದೆ ಹೊರಟರು.

ಇಂಗ್ಲೆಂಡಿಗೆ ದತ್ತು ಹೋದ 165 ರುಮೇನಿಯನ್ ಮಕ್ಕಳನ್ನು ಮೈಕೆಲ್ ರಟರ್ ನೇತೃತ್ವದ ತಂಡ 1990ರ ದಶಕದಿಂದಲೇ ಹಿಂಬಾಲಿಸುತ್ತಿತ್ತು. ಗೃಹದಲ್ಲಿ ಆರು ತಿಂಗಳಿಗಿಂತ ಕಡಿಮೆ ಇದ್ದು ಹೊರಬಂದವರು ಬಹುತೇಕ ಇತರ ಇಂಗ್ಲಿಷ್ ಮಕ್ಕಳಂತೆಯೇ ಬೆಳೆದರು. ಹೆಚ್ಚು ಕಾಲ ಇದ್ದವರಲ್ಲಿ ಗಮನ ನಿಲ್ಲದಿರುವುದು, ಇತರರೊಡನೆ ಬೆರೆಯಲಾಗದಿರುವುದು ಮುಂತಾದ ತೊಂದರೆಗಳು ಒಳ್ಳೆಯ ಮನೆಗಳಲ್ಲಿ ಇಪ್ಪತ್ತು ವರ್ಷ ಕಳೆದರೂ ಉಳಿದವು. ಇವರಲ್ಲಿ 67 ಮಂದಿಯ ಮೆದುಳಿನ ಚಿತ್ರ ತೆಗೆದಾಗ ಗಾತ್ರ ಸರಾಸರಿ ಶೇ 8.6ರಷ್ಟು ಕಡಿಮೆಯಿತ್ತು ಎಂದು 2020ರಲ್ಲಿ ಪ್ರಕಟವಾಯಿತು. ಗೃಹದಲ್ಲಿ ಕಳೆದ ತಿಂಗಳುಗಳು ಹೆಚ್ಚಿದಷ್ಟೂ ಕೊರತೆ ಹೆಚ್ಚು. ಆದರೆ ಆರು ತಿಂಗಳಿಗಿಂತ ಹೆಚ್ಚು ಅಲ್ಲಿದ್ದವರಲ್ಲೂ ಐವರಲ್ಲಿ ಒಬ್ಬರಷ್ಟು ಜನ ಯಾವ ತೊಂದರೆಯೂ ಇಲ್ಲದೆ ದೊಡ್ಡವರಾದರು. ಅವರನ್ನು ಕಾಪಾಡಿದ್ದು ಹುಟ್ಟಿನಿಂದ ಬಂದ ಗುಣವೋ ಅಥವಾ ಪಾಳಿ ಮುಗಿದ ಮೇಲೂ ಒಂದು ಗಳಿಗೆ ನಿಂತು ಮಾತಾಡಿಸಿದ ಯಾರೋ ದಾದಿಯೋ, ವಿಜ್ಞಾನ ಇನ್ನೂ ಹುಡುಕುತ್ತಿದೆ.

ರುಮೇನಿಯಾದ ಸಂಸತ್ತು 2004ರಲ್ಲಿ ಹೊಸ ಕಾನೂನು ಮಾಡಿತು. ಯುರೋಪಿನ ಒಕ್ಕೂಟ ಸೇರಬೇಕಾದರೆ ಗೃಹಗಳ ಸ್ಥಿತಿ ಸುಧಾರಿಸಲೇಬೇಕಿತ್ತು. ಬುಖಾರೆಸ್ಟಿನ ಸಂಶೋಧಕರ ಆರಂಭದ ಅಂಕಿಅಂಶಗಳೂ ಕೈಯಲ್ಲಿದ್ದವು. ಎರಡು ವರ್ಷದೊಳಗಿನ ಮಕ್ಕಳನ್ನು ಇನ್ನು ಮುಂದೆ ಯಾವ ಗೃಹಕ್ಕೂ ಸೇರಿಸುವಂತಿಲ್ಲ ಎಂದು 2005ರ ಜನವರಿಯಿಂದ ಜಾರಿಗೆ ಬಂದ ಆ ಕಾನೂನು ಹೇಳಿತು. ಅದರಲ್ಲಿ ಒಂದು ವಿನಾಯಿತಿ ಇತ್ತು: ತೀವ್ರ ಅಂಗವೈಕಲ್ಯವಿರುವ ಕೂಸುಗಳಿಗೆ ಈ ನಿಷೇಧ ಅನ್ವಯಿಸಲಿಲ್ಲ.